ಕಲ್‌ಕಲ್ ಸುತ್ತೋವಾಗ ಯಾವ ಕ್ರಿಸ್‌ಮಸ್ ಹಾಡು ಹಾಕ್ಬೇಕು?

ಡಿಸೆಂಬರ್ ಎರಡನೇ ವಾರ ಬಂತು ಅಂದ್ರೆ ನಮ್ಮನೆ ಅಡುಗೆಮನೇಲಿ ಫ್ರಿಜ್ ಮೇಲೆ ಬ್ಲೂಟೂತ್ ಸ್ಪೀಕರ್ ಏರಿ ಕೂತ್ಕೊಳ್ಳುತ್ತೆ. ಕೆಳಗೆ ಪೇಪರ್ ಹಾಸ್ಕೊಂಡು ಅಮ್ಮ, ಚಿಕ್ಕಮ್ಮ, ತಂಗಿ, ನಾನು ಕಲ್‌ಕಲ್ ಅನ್ನೋ ಕರಿದ ಕ್ರಿಸ್‌ಮಸ್ ತಿಂಡಿ ಮಾಡೋಕೆ ಕೂರ್ತೀವಿ. ಮೈದಾಗೆ ಕಾಯಿಹಾಲು, ಮೊಟ್ಟೆ, ಸಕ್ಕರೆ ಹಾಕಿ ಕಲಸಿರೋ ಹಿಟ್ಟು, ಅದರಲ್ಲಿ ಗೋಲಿಗಿಂತ ಚಿಕ್ಕದಾಗಿ ಉಂಡೆ ತಗೊಂಡು ಎಣ್ಣೆ ಸವರಿದ ಫೋರ್ಕ್ ಬೆನ್ನ ಮೇಲೆ ಹೆಬ್ಬೆರಳಲ್ಲಿ ಒತ್ತಿ ಹಂಗೇ ಎಳೆದ್ರೆ ಗೆರೆ ಗೆರೆ ಬಿದ್ದು ಸುತ್ಕೊಂಡು ಬರುತ್ತೆ, ಸಣ್ಣ ಶಂಖದ ಥರ. ಎರಡು ಕೆಜಿ ಹಿಟ್ಟು ಮುಗಿಯೋಕೆ ನಾಲ್ಕು ಜನಕ್ಕೂ ಮೂರು ಗಂಟೆ ಬೇಕು. ಆ ಮೂರು ಗಂಟೆ ಕಿವಿ ಮೇಲೆ ಏನು ಬೀಳ್ತಿರುತ್ತೋ ಅದೇ ನಮಗೆ ಆ ವರ್ಷದ ಕ್ರಿಸ್‌ಮಸ್ ಹಾಡು.

ಹೋದ ವರ್ಷಕ್ಕಿಂತ ಹಿಂದಿನ ವರ್ಷ ಒಂದು ಅಂಗಡಿಯಿಂದ ಕ್ರಿಸ್‌ಮಸ್ ಹಾಡಿನ ಪೆನ್‌ಡ್ರೈವ್ ತಂದಿದ್ದೆ, ನೂರು ಹಾಡು ಅಂತ ಬರೆದಿತ್ತು, ಹಾಕಿ ನೋಡಿದ್ರೆ ಜಿಂಗಲ್ ಬೆಲ್ಸೇ ಒಂಬತ್ತು ಸಲ, ಎಲ್ಲಾ ಕೀಬೋರ್ಡಲ್ಲಿ, ಎಲ್ಲಾದಕ್ಕೂ ಒಂದೇ ರಿದಮ್. 1857ರಲ್ಲಿ ಅಚ್ಚಾದ ಆ ಹಾಡಲ್ಲಿ ಕ್ರಿಸ್‌ಮಸ್ ಅನ್ನೋ ಪದಾನೇ ಇಲ್ಲ, ಕುದುರೆ ಎಳೆಯೋ ಜಾರುಬಂಡಿ ಹಾಡು ಅದು. ನಂಗೆ ತುಂಬಾ ಬೇಜಾರಾಯ್ತು. ಅದಕ್ಕೇ ಹೋದ ಡಿಸೆಂಬರಲ್ಲಿ ಒಂದು ತೀರ್ಮಾನ ಮಾಡಿದೆ, ದಿನಕ್ಕೊಂದು ಆಲ್ಬಂ ಪೂರ್ತಿ ಹಾಕೋದು, ಅದೇ ಸ್ಪೀಕರ್, ಅಷ್ಟೇ ಸೌಂಡು, ಎರಡೇ ವಿಷಯ ಗಮನಿಸೋದು. ಒಂದು, ಕೈ ಕೆಲಸ ಹೆಂಗೆ ನಡೀತಿದೆ. ಇನ್ನೊಂದು, ಕೂತಿರೋರಲ್ಲಿ ಯಾರಾದ್ರೂ ಜೊತೆಗೆ ಹಾಡ್ತಿದ್ದಾರಾ. ಹಾಡು ಎಷ್ಟೇ ಚೆನ್ನಾಗಿದ್ರೂ ಮನೆಯೋರಿಗೆ ಅದರಲ್ಲಿ ಬಾಯಿ ಹಾಕೋಕೆ ಜಾಗ ಇಲ್ದಿದ್ರೆ ಹಬ್ಬದ ಹಾಡು ಅನ್ಸಲ್ಲ ನಂಗೆ.

ಮೊದಲು ಬಿಂಗ್ ಕ್ರಾಸ್ಬಿನೂ ನ್ಯಾಟ್ ಕಿಂಗ್ ಕೋಲ್‌ನೂ ಹಾಕ್ದೆ, ಇಬ್ರೂ ಹಳೇ ಕಾಲದ ದಪ್ಪ ದನಿಯೋರು. ಕ್ರಾಸ್ಬಿ ಹಾಡಿರೋ ವೈಟ್ ಕ್ರಿಸ್‌ಮಸ್ 1942ರದ್ದು, ಪ್ರಪಂಚದಲ್ಲೇ ಅತಿ ಹೆಚ್ಚು ಮಾರಾಟ ಆದ ಸಿಂಗಲ್, ಅಂದ್ರೆ ಒಂಟಿ ಹಾಡಿನ ರೆಕಾರ್ಡ್ ಅಂತಾರೆ. ಅಮ್ಮ ಕೇಳಿದ್ರು, "ನಮಗ್ಯಾಕೋ ಈ ಹಿಮದ ಹಾಡು, ಹಾಸನ ಬಡವರ ಊಟಿ ಅಂತ ಹೆಸರಿಗಷ್ಟೇ, ಬೆಳಿಗ್ಗೆ ಮಂಜು ಬೀಳೋದು ಬಿಟ್ರೆ ಇನ್ನೇನಿದೆ" ಅಂತ. ನ್ಯಾಯವಾದ ಪ್ರಶ್ನೇನೇ. ಆದ್ರೆ ಆ ಹಾಡಿಗೆ ಒಂದು ಮೊದಲ ಚರಣ ಇದೆ, ಸಾಮಾನ್ಯವಾಗಿ ಯಾರೂ ಹಾಡಲ್ಲ, ಅದರಲ್ಲಿರೋದು ಬಿಸಿಲು, ಕಿತ್ತಳೆ ಗಿಡ, ತಾಳೆ ಮರ! ಲಾಸ್ ಏಂಜಲೀಸ್ ಬಿಸಿಲಲ್ಲಿ ಕೂತು ಹಿಮ ನೆನೆಸ್ಕೊಳ್ಳೋನ ಹಾಡು ಅದು. ಬರೆದಿದ್ದು ಅರ್ವಿಂಗ್ ಬರ್ಲಿನ್, ಯಹೂದಿ ಮನುಷ್ಯ. ನ್ಯಾಟ್ ಕಿಂಗ್ ಕೋಲ್‌ನ ದಿ ಕ್ರಿಸ್‌ಮಸ್ ಸಾಂಗ್ ಕಥೆನೂ ಹಂಗೇ, ಮೆಲ್ ಟಾರ್ಮೆ ಮತ್ತೆ ಬಾಬ್ ವೆಲ್ಸ್ ಅದನ್ನ ಬರೆದಿದ್ದು 1945ರ ಬೇಸಿಗೆಯಲ್ಲಿ, ಸೆಕೆ ತಡೀಲಾರದೆ, ಚಳೀನ ನೆನೆಸ್ಕೊಂಡಾದ್ರೂ ತಣ್ಣಗಾಗೋಣ ಅಂತ. ಇದನ್ನ ಅಮ್ಮಂಗೆ ಹೇಳಿದ ಮೇಲೆ ಅವರು ಸ್ವಲ್ಪ ಹೊತ್ತು ಸುಮ್ನೆ ಕೇಳಿದ್ರು, "ಹಂಗಾದ್ರೆ ಅವರಿಗೂ ಇರ್ಲಿಲ್ಲ ಅನ್ನು" ಅಂದ್ರು. ಇಬ್ರಲ್ಲಿ ನನ್ನ ಓಟು ಕೋಲ್‌ಗೆ, ಅದೂ 1961ರ ರೆಕಾರ್ಡಿಂಗಿಗೆ. ಕ್ರಾಸ್ಬಿ ದನಿ ದೂರದಿಂದ ಬಂದಂಗೆ ಇರುತ್ತೆ, ಹಿಂದೆ ಕೋರಸ್ಸು ಜಾಸ್ತಿ. ಕೋಲ್ ಹಂಗಲ್ಲ, ಪಕ್ಕದಲ್ಲೇ ಕೂತು ಮಾತಾಡ್ದಂಗೆ. ಕೈ ಕೆಲಸ ನಿಧಾನ, ಆದ್ರೆ ಕಲ್‌ಕಲ್ ಒಂದೊಂದೂ ಅಚ್ಚುಕಟ್ಟು.

ಮಾರನೇ ದಿನ ಫಿಲ್ ಸ್ಪೆಕ್ಟರ್ ಮಾಡಿಸಿದ ಎ ಕ್ರಿಸ್‌ಮಸ್ ಗಿಫ್ಟ್ ಫಾರ್ ಯೂ ಅನ್ನೋ ಆಲ್ಬಂ. ಡ್ರಮ್ಮು, ಗಿಟಾರು, ಗಂಟೆ, ಪಿಯಾನೋ ಎಲ್ಲಾ ಒಂದರ ಮೇಲೊಂದು ಪೇರಿಸಿ ಗೋಡೆ ಕಟ್ದಂಗೆ ಸದ್ದು. 1963 ನವೆಂಬರ್ 22ಕ್ಕೆ ಬಿಡುಗಡೆ ಆಯ್ತು, ಅವತ್ತೇ ಅಮೆರಿಕದ ಅಧ್ಯಕ್ಷ ಕೆನಡಿ ಅವರ ಹತ್ಯೆ ಆಗಿದ್ದು, ಹಬ್ಬದ ಹಾಡು ಕೇಳೋ ಮನಸ್ಥಿತೀಲಿ ಯಾರೂ ಇರ್ಲಿಲ್ಲ, ಆಮೇಲೆ ವರ್ಷಗಳು ಕಳೆದ ಮೇಲೆ ಜನ ಅದನ್ನ ಮತ್ತೆ ಕೈಗೆತ್ಕೊಂಡ್ರು. ಡಾರ್ಲೀನ್ ಲವ್ ಅನ್ನೋ ಗಾಯಕಿ ಅದರಲ್ಲಿ ಮನೆಗೆ ಬಾ ಅಂತ ಕರೆಯೋ ಒಂದು ಹಾಡು ಹಾಡಿದಾಳೆ, ಎದೆ ಹಿಂಡುತ್ತೆ ನಿಜವಾಗ್ಲೂ. ಆದ್ರೆ ಅಡುಗೆಮನೇಲಿ ಏನಾಯ್ತು ಅಂದ್ರೆ ಎಲ್ಲರ ಕೈಯೂ ಓಡೋಕೆ ಶುರುವಾಯ್ತು, ತಂಗಿ ಒತ್ತಿದ್ದು ಅರ್ಧಕ್ಕೇ ಬಿಚ್ಕೊಳ್ತು, ಬಾಣಲೇಲಿ ಬಿಟ್ಟಾಗ ಚಪ್ಪಟೆ ಚಪ್ಪಟೆ ಆಗಿ ತೇಲ್ತು. ಇದು ಕಲ್‌ಕಲ್‌ಗೆ ಬೇಡ. ಹಬ್ಬಕ್ಕೆ ಮುಂಚೆ ಮನೆ ಧೂಳು ಹೊಡಿಯೋ ದಿನ, ಪರದೆ ಒಗೆಯೋ ದಿನ ಹಾಕಿ, ಅವತ್ತಿಗೆ ಇದನ್ನ ಮೀರಿಸೋದು ಇನ್ನೊಂದಿಲ್ಲ.

ಅದರ ಮಾರನೇ ದಿನಾನೇ ವಿನ್ಸ್ ಗ್ವರಾಲ್ಡಿ ಟ್ರಿಯೋ ಹಾಕಿದ್ದು, ಎ ಚಾರ್ಲಿ ಬ್ರೌನ್ ಕ್ರಿಸ್‌ಮಸ್, 1965ರ ಟೀವಿ ಕಾರ್ಟೂನಿಗೆ ಮಾಡಿದ್ದು. ಪಿಯಾನೋ, ಬಾಸು, ಡ್ರಮ್ಸು ಅಷ್ಟೇ. ಡ್ರಮ್ಮನ್ನ ಕೋಲಲ್ಲಿ ಹೊಡಿಯೋ ಬದಲು ಬ್ರಷ್ಷಲ್ಲಿ ಸವರ್ತಾರಲ್ಲ, ಆ ಸದ್ದಿಗೂ ನಾವು ಪೇಪರ್ ಮೇಲೆ ಕಲ್‌ಕಲ್ ಹರಡೋ ಸದ್ದಿಗೂ ವ್ಯತ್ಯಾಸಾನೇ ಗೊತ್ತಾಗ್ಲಿಲ್ಲ ಒಂದು ಕ್ಷಣ, ಚಿಕ್ಕಮ್ಮ ತಲೆ ಎತ್ತಿ ಸ್ಪೀಕರ್ ನೋಡಿದ್ರು. ಜಾಸ್ ಅಂದ್ರೆ ನಮ್ಮೋರಿಗೆ ಹಿಡಿಸುತ್ತೋ ಇಲ್ವೋ ಅಂತ ನಂಗೆ ಅನುಮಾನ ಇತ್ತು, ಆದ್ರೆ ಯಾರೂ ಬದಲಾಯಿಸು ಅನ್ಲಿಲ್ಲ, ಮುಗಿದ ಮೇಲೆ ಮತ್ತೆ ಅದನ್ನೇ ಹಾಕು ಅಂದ್ರು. ಅದರಲ್ಲಿ ಮಕ್ಕಳು ಹಾಡಿರೋದು ಕೆಲವು ಕಡೆ ಬರುತ್ತೆ, ಕ್ಯಾಲಿಫೋರ್ನಿಯಾದ ಸ್ಯಾನ್ ರಾಫೆಲ್ ಅನ್ನೋ ಊರಿನ ಒಂದು ಚರ್ಚಿನ ಮಕ್ಕಳು, ಅಲ್ಲಲ್ಲಿ ಶ್ರುತಿ ಸ್ವಲ್ಪ ಜಾರುತ್ತೆ, ಅದನ್ನ ಹಂಗೇ ಬಿಟ್ಟಿದಾರೆ. ನಮ್ಮ ಚರ್ಚಲ್ಲಿ ಭಾನುವಾರ ಮುಂದಿನ ಬೆಂಚಲ್ಲಿ ಕೂತು ಹಾಡೋ ಮಕ್ಕಳ ದನಿನೇ ಅದು. ಕೈ ಕೆಲಸಕ್ಕೆ ಅಂತ ಒಂದೇ ಆಲ್ಬಂ ಆರಿಸು ಅಂದ್ರೆ ಕಣ್ಮುಚ್ಚಿ ಇದನ್ನೇ ಹೇಳ್ತೀನಿ.

ಹಾಡೋ ಬಾಯಿಗೆ ಅಂತ ನೋಡಿದ್ರೆ ಲೆಕ್ಕ ಬೇರೆ. ಜಿಮ್ ರೀವ್ಸ್ 1963ರಲ್ಲಿ ತಂದ ಟ್ವೆಲ್ವ್ ಸಾಂಗ್ಸ್ ಆಫ್ ಕ್ರಿಸ್‌ಮಸ್ ನಮ್ಮನೇಲಿ ಕ್ಯಾಸೆಟ್ ಕಾಲದಿಂದ ಇದೆ, ನಮ್ಮ ಕಡೆ ಕ್ರಿಸ್ತರ ಮನೆಗಳಲ್ಲಿ ಬಹಳ ಜನಕ್ಕೆ ಕ್ರಿಸ್‌ಮಸ್ ಅಂದ್ರೆ ಆ ದನಿನೇ. ಪಾಪ, ಮಾರನೇ ವರ್ಷಾನೇ ವಿಮಾನ ಅಪಘಾತದಲ್ಲಿ ತೀರ್ಕೊಂಡ್ರು. ಅದರ ಎದುರಿಗೆ ಬೋನಿ ಎಮ್ ಅನ್ನೋ ತಂಡ. ಅವರ ಮೇರೀಸ್ ಬಾಯ್ ಚೈಲ್ಡ್ 1978ರದ್ದು, ಪೂರ್ತಿ ಕ್ರಿಸ್‌ಮಸ್ ಆಲ್ಬಂ ಬಂದಿದ್ದು 1981ರಲ್ಲಿ. ಆ ಹಾಡನ್ನ ಮೊದಲು ಹೆಸರು ಮಾಡಿಸಿದ್ದು 1956ರಲ್ಲಿ ಹ್ಯಾರಿ ಬೆಲಾಫೋಂಟೆ, ಅದನ್ನೂ ಹುಡುಕಿ ಹಾಕಿದೆ, ನಿಧಾನ, ಜೋಗುಳದ ಥರ. ಒಂದೇ ಹಾಡನ್ನ ಎರಡು ಥರ ಹಿಂದೆ ಮುಂದೆ ಕೇಳಿದ್ರೆ ಗೊತ್ತಾಗುತ್ತೆ, ಬೆಲಾಫೋಂಟೆದು ಮಗು ಮಲಗಿರೋ ಕೋಣೆಯ ಹಾಡು, ಬೋನಿ ಎಮ್‌ದು ಬೀದಿಗೆ ಓಡ್ಬಂದು ಎಲ್ಲರಿಗೂ ಸುದ್ದಿ ಹೇಳೋ ಹಾಡು. ಕ್ಯಾರೊಲ್ಸ್, ಅಂದ್ರೆ ಕ್ರಿಸ್‌ಮಸ್ ಹಾಡು ಹಾಡೋಕೆ ಮನೆಮನೆಗೆ ಹೋಗೋವಾಗ ವ್ಯಾನಲ್ಲಿ ಬೋನಿ ಎಮ್ಮೇ ಸರಿ, ಹುಡುಗರು ಚಪ್ಪಾಳೆ ಹೊಡೀತಾರೆ, ಕ್ರಿಸ್‌ಮಸ್ ತಾತನ ವೇಷ ಹಾಕಿದೋನು ಕುಣೀತಾನೆ. ಆದ್ರೆ ಮನೆ ಒಳಗೆ ರೀವ್ಸ್ ಗೆದ್ರು, ಯಾಕಂದ್ರೆ ಅವರ ದನಿ ಕೆಳಗಿರುತ್ತೆ, ಅಮ್ಮ ಚಿಕ್ಕಮ್ಮ ಇಬ್ರೂ ಅದರ ಮೇಲೆ ಆರಾಮಾಗಿ ಹಾಡ್ಕೋಬಹುದು. ಮರೈಯಾ ಕೇರಿಯ ಆಲ್ ಐ ವಾಂಟ್ ಫಾರ್ ಕ್ರಿಸ್‌ಮಸ್ ಈಸ್ ಯೂ ಹಾಡು ನೋಡಿ, 1994ರದ್ದು, ಅಮೆರಿಕದ ಬಿಲ್‌ಬೋರ್ಡ್ ಪಟ್ಟೀಲಿ ಮೊದಲನೇ ಸ್ಥಾನಕ್ಕೆ ಬಂದಿದ್ದು 2019ರಲ್ಲಿ, ತಂಗಿಗೆ ಪ್ರಾಣ, ಆದ್ರೆ ಆ ಎತ್ತರಕ್ಕೆ ನಮ್ಮನೇಲಿ ಯಾರ ದನಿನೂ ಹೋಗಲ್ಲ, ಹಾಡೋದು ಬಿಟ್ಟು ಕೇಳ್ತಾ ಕೂರ್ಬೇಕು. ವ್ಯಾಮ್ ಅನ್ನೋ ತಂಡದ ಲಾಸ್ಟ್ ಕ್ರಿಸ್‌ಮಸ್ ಚೆನ್ನಾಗಿದೆ, ಅದು ಪ್ರೀತಿ ಮುರಿದ ಹಾಡು, ಹಬ್ಬಕ್ಕೆ ನಾನು ಹಾಕಲ್ಲ.

ಪಾಶ್ಚಾತ್ಯ ಶಾಸ್ತ್ರೀಯಕ್ಕೆ ಬಂದ್ರೆ ಎಲ್ಲರೂ ಹ್ಯಾಂಡೆಲ್‌ನ ಮೆಸಾಯ ಅಂತಾರೆ. 1741ರಲ್ಲಿ ಇಪ್ಪತ್ನಾಲ್ಕು ದಿನದಲ್ಲಿ ಬರೆದಿದ್ದು, ಮೊದಲು ಹಾಡಿದ್ದು 1742 ಏಪ್ರಿಲ್‌ನಲ್ಲಿ ಡಬ್ಲಿನ್‌ನಲ್ಲಿ. ಜನ ಕ್ರಿಸ್‌ಮಸ್‌ಗೆ ಹಾಕೋ ಹಲ್ಲೆಲೂಯಾ ಇರೋದು ಎರಡನೇ ಭಾಗದ ಕೊನೇಲಿ, ಯೇಸು ಹುಟ್ಟಿದ್ದು ಬರೋದು ಮೊದಲನೇ ಭಾಗದಲ್ಲಿ, ಆದ್ರಿಂದ ಡಿಸೆಂಬರಲ್ಲಿ ಮೊದಲನೇ ಭಾಗ ಕೇಳಿ. ಬಾಖ್‌ನ ಕ್ರಿಸ್‌ಮಸ್ ಒರಟೋರಿಯೋ, ಅಂದ್ರೆ ಬೈಬಲ್ ಕಥೆ ಹಾಡೋ ದೊಡ್ಡ ಕೃತಿ, ನಂಗೆ ಅದಕ್ಕಿಂತ ಹತ್ರ ಆಯ್ತು. 1734ರದ್ದು, ಡಿಸೆಂಬರ್ 25ರಿಂದ ಜನವರಿ 6ರ ತನಕ ಬರೋ ಆರು ಹಬ್ಬದ ದಿನಕ್ಕೆ ಅಂತ ಆರು ಭಾಗ ಮಾಡಿದಾರೆ. ನಾನು ಹಂಗೇ ಒಂದೊಂದು ಭಾಗ ಬಿಡಿಸಿ ಕೇಳಿದೆ, ಒಂದೊಂದು ಅರ್ಧ ಗಂಟೆಗಿಂತ ಜಾಸ್ತಿ ಇಲ್ಲ. ಶುರುವಾಗೋದೇ ನಗಾರಿ ಥರದ ಡ್ರಮ್ಮಿಂದ, ನಮ್ಮೂರ ಜಾತ್ರೆ ಶುರುವಾದಂಗೆ ಅನ್ನಿಸ್ತು.

ಆದ್ರೆ 24ನೇ ತಾರೀಕು ರಾತ್ರಿ ಇವೆರಡೂ ಅಲ್ಲ. ಇಂಗ್ಲೆಂಡಿನ ಕೇಂಬ್ರಿಜ್‌ನ ಕಿಂಗ್ಸ್ ಕಾಲೇಜ್ ಚಾಪೆಲ್ಲಲ್ಲಿ ಅವತ್ತು ಒಂಬತ್ತು ಬೈಬಲ್ ವಾಚನ, ಮಧ್ಯೆ ಮಧ್ಯೆ ಕ್ಯಾರೊಲ್ ಹಾಡೋ ಆರಾಧನೆ ಇರುತ್ತೆ, 1918ರಲ್ಲಿ ಶುರುವಾಗಿದ್ದು, ಬಿಬಿಸಿ ರೇಡಿಯೋದಲ್ಲಿ ಮೊದಲು ಬಂದಿದ್ದು 1928ರಲ್ಲಿ. ಅಲ್ಲಿ ಮಧ್ಯಾಹ್ನ ಮೂರು ಗಂಟೆ ಅಂದ್ರೆ ನಮಗೆ ರಾತ್ರಿ ಎಂಟೂವರೆ, ನಡುರಾತ್ರಿ ಪೂಜೆಗೆ ಹೊರಡೋಕೆ ಮುಂಚೆ ಸರಿಯಾಗಿ ಸಿಗುತ್ತೆ. ಶುರುವಲ್ಲಿ ಒಬ್ಬನೇ ಹುಡುಗ ಹಾಡ್ತಾನೆ, ವಾದ್ಯ ಏನೂ ಇಲ್ಲದೆ, ಯಾರು ಹಾಡ್ಬೇಕು ಅನ್ನೋದನ್ನ ಹುಡುಗರಿಗೆ ಕೊನೇ ಗಳಿಗೇಲಿ ಹೇಳೋದಂತೆ. ಅವತ್ತು ಅಜ್ಜಿ ಗೋದಲಿ, ಅಂದ್ರೆ ಯೇಸು ಹುಟ್ಟಿದ ಕೊಟ್ಟಿಗೆಯ ಮಾದರಿ, ಅದರ ಮುಂದೆ ಕೂತು ಹುಲ್ಲು ಸರಿ ಮಾಡ್ತಿದ್ರು. ಅಜ್ಜಿ ಶೆಟ್ಟಿಹಳ್ಳಿ ಕಡೆಯೋರು, ಹೇಮಾವತಿ ಹಿನ್ನೀರಲ್ಲಿ ಮುಳುಗಿ ಏಳೋ ಹಳೇ ಚರ್ಚ್ ಇದೆಯಲ್ಲ, ಅವರು ಚಿಕ್ಕೋರಿದ್ದಾಗ ಪೂಜೆಗೆ ಹೋಗ್ತಿದ್ದಿದ್ದು ಅಲ್ಲಿಗೇ. ಕೊನೆ ಹತ್ರ ಓ ಕಮ್ ಆಲ್ ಯೀ ಫೇತ್‌ಫುಲ್ ಬಂತು ನೋಡಿ, ಅವರು ಇಂಗ್ಲಿಷಲ್ಲಿ ಹಾಡ್ತಿದ್ರೆ ಅಜ್ಜಿ ಇಲ್ಲಿ ಆದೆಸ್ತೆ ಫಿದೆಲೆಸ್ ಅಂತ ಲ್ಯಾಟಿನ್ ಹಿಡಿದ್ರು. ಮೊದಲು ಪೂಜೆ ಲ್ಯಾಟಿನಲ್ಲೇ ಇತ್ತು, ಕಥೋಲಿಕ ಚರ್ಚಿನ ಎರಡನೇ ವ್ಯಾಟಿಕನ್ ಮಹಾಸಭೆ ಆಗಿದ್ದು 1962ರಿಂದ 65ರ ತನಕ, ಕನ್ನಡದಲ್ಲಿ ಪೂಜೆ ಬಂದಿದ್ದು ಅದಾದ ಮೇಲೆ, ಅಜ್ಜಿಗೆ ಅದಕ್ಕೂ ಮುಂಚೆ ಬಾಯಿಪಾಠ ಆಗಿದ್ದು ಇದು. "ಅರ್ಥ ಗೊತ್ತಾ ಅಜ್ಜಿ" ಅಂದೆ. "ಬನ್ನಿ ಬನ್ನಿ ಅಂತ ಕರೆಯೋದು ಕಣಪ್ಪ, ಚರ್ಚಿನ ಸ್ವಾಮಿಗಳು ಹೇಳಿಕೊಟ್ಟಿದ್ರು" ಅಂದು ಮತ್ತೆ ಹುಲ್ಲು ಬಿಡಿಸೋಕೆ ಕೂತ್ರು.

ಇನ್ನು ಕನ್ನಡ ಹಾಡು. ಆನ್‌ಲೈನಲ್ಲಿ ಬೇಕಾದಷ್ಟಿದೆ, ಮಾತು ಚೆನ್ನಾಗಿರುತ್ತೆ, ರಾಗ ಚೆನ್ನಾಗಿರುತ್ತೆ, ರೆಕಾರ್ಡಿಂಗಲ್ಲಿ ಮಾತ್ರ ದನಿಗೆ ಎಕೋ ತುಂಬಿಸಿ, ಕೀಬೋರ್ಡ್ ರಿದಮ್ ಮುಂದಕ್ಕೆ ತಂದು ಹಾಡನ್ನ ಹೂತುಹಾಕಿರ್ತಾರೆ, ಹತ್ತು ಕೇಳಿದ್ರೆ ಎರಡು ದಕ್ಕುತ್ತೆ. ಅದಕ್ಕೆ ನಾನು ನಮ್ಮ ಚರ್ಚ್ ಗಾಯನ ತಂಡದ ಪ್ರಾಕ್ಟೀಸಿಗೆ ಹೋಗಿ ಫೋನಲ್ಲೇ ನಾಲ್ಕು ಹಾಡು ರೆಕಾರ್ಡ್ ಮಾಡ್ಕೊಂಡು ಬಂದೆ, ಹಾರ್ಮೋನಿಯಂ, ತಬಲಾ, ಹದಿನೈದು ದನಿ ಅಷ್ಟೇ. ಅದನ್ನ ಹಾಕಿದ ಸಂಜೆ ಕಲ್‌ಕಲ್ ಕೆಲಸ ಅರ್ಧ ಗಂಟೆ ತಡ ಆಯ್ತು, ಯಾಕಂದ್ರೆ ಎಲ್ಲರೂ ಹಾಡ್ತಿದ್ರು, ತಂಗಿನೂ ಸೇರಿ. ಅಜ್ಜಿ ಮಾತ್ರ ಸುಮ್ನಿದ್ರು, ಕೇಳಿದ್ರೆ "ತಬಲಾನೇ ಕೇಳುತ್ತೆ, ಮಾತು ಕೇಳಲ್ಲ" ಅಂದ್ರು. ಫೋನ್ ತಬಲಾ ಪಕ್ಕದ ಕುರ್ಚಿ ಮೇಲೆ ಇಟ್ಟಿದ್ದೆ. ಈ ಸಲ ಹೆಂಗಸರು ನಿಲ್ಲೋ ಕಡೆ, ಕಿಟಕಿ ಕಟ್ಟೆ ಮೇಲೆ ಇಡ್ತೀನಿ.