ನುಣುಪು, ಗೀರು, ಒರಟು: ಮೂಳೆ ಕೋಶಕ್ಕೆ ಯಾವ ಟೈಟೇನಿಯಂ ಹಿಡಿಸುತ್ತದೆ?

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಸ್ಯಾಂಡ್‌ಬ್ಲಾಸ್ಟ್ ಮಾಡಿ ಆಸಿಡ್‌ನಲ್ಲಿ ಅದ್ದಿದ ಒರಟು ಬಿಲ್ಲೆಗೆ. ಸತಾಯಿಸಿದ್ದೂ ಅದೇ ಜಾಸ್ತಿ. ಆದರೂ ಅದಕ್ಕೇ.

ಇಂಪ್ಲಾಂಟ್‌ಗೆ ಬಳಸುವ ಟೈಟೇನಿಯಂನ ಯಾವ ಮೇಲ್ಮೈ ಮೇಲೆ ಮೂಳೆ ಕೋಶ ಚೆನ್ನಾಗಿ ಕೆಲಸ ಮಾಡುತ್ತದೆ ಎಂದು ನೋಡಲು ಲ್ಯಾಬ್‌ಗೆ ಮೂರು ಬಗೆಯ ಬಿಲ್ಲೆ ತರಿಸಿದ್ದೆವು. ಒಂದು ಪಾಲಿಶ್ ಮಾಡಿದ್ದು, ಒಂದು ಲೇಸರ್‌ನಿಂದ ಸಾಲಾಗಿ ಗೀರು ಹಾಕಿದ್ದು, ಇನ್ನೊಂದು ಈ ಒರಟು. ಮೂರರ ಮೇಲೂ ಬೆಳೆಸಿದ್ದು ಎಂಜಿ-63 ಕೋಶಗಳನ್ನೇ, ಅಂದರೆ ಮೂಳೆ ಕ್ಯಾನ್ಸರ್ ಗಡ್ಡೆಯಿಂದ ಬಂದು ಲ್ಯಾಬ್‌ಗಳಲ್ಲಿ ಬೆಳೆಯುವ ಮೂಳೆ ಕೋಶಗಳು.

ಪಾಲಿಶ್ ಬಿಲ್ಲೆ ಬಗ್ಗೆ ಹೇಳೋಕೆ ಹೆಚ್ಚೇನಿಲ್ಲ. ಕೋಶಗಳು ಚಪ್ಪಟೆಯಾಗಿ ಹರಡಿಕೊಂಡು ಬೇಗ ಬೇಗ ಹೆಚ್ಚುತ್ತವೆ, ಮೂಳೆ ಕಟ್ಟುವ ಕೆಲಸಕ್ಕೆ ಮಾತ್ರ ಮನಸ್ಸು ಮಾಡುವುದಿಲ್ಲ. ಹೋಲಿಸಿ ನೋಡಲು ಒಂದು ಇರಲಿ, ಅಷ್ಟೇ.

ಗೀರಿನ ಬಿಲ್ಲೆ ನೋಡೋಕೆ ಬಲು ಚೆಂದ. ಗೀರು ಸುಮಾರು 10 ಮೈಕ್ರೋಮೀಟರ್ ಅಗಲ. ಕೋಶಗಳು ಅದರ ಉದ್ದಕ್ಕೇ ಚಾಚಿಕೊಂಡು ಮಲಗುತ್ತವೆ. ಬಣ್ಣ ಹಾಕಿ ಮೈಕ್ರೋಸ್ಕೋಪ್‌ನಲ್ಲಿ ನೋಡಿದರೆ ಕೋಶಕ್ಕೆ ಆಕಾರ ಕೊಡುವ ಆಕ್ಟಿನ್ ಪ್ರೋಟೀನ್ ಎಳೆಗಳೆಲ್ಲ ಒಂದೇ ದಿಕ್ಕಿಗೆ. ಆದರೆ ಸಾಲಾಗಿ ಮಲಗಿದ ಮಾತ್ರಕ್ಕೆ ಮೂಳೆ ಕಟ್ಟುತ್ತವೆ ಎಂದೇನಿಲ್ಲ ಅಲ್ವಾ?

ಒರಟು ಬಿಲ್ಲೆಯ ಮೇಲೆ ಗುಂಡಿಯೊಳಗೆ ಗುಂಡಿ. ಅಲ್ಯೂಮಿನಾ ಹರಳುಗಳ ಹೊಡೆತಕ್ಕೆ ಹತ್ತಾರು ಮೈಕ್ರೋಮೀಟರ್‌ನ ದೊಡ್ಡ ಗುಂಡಿ ಬೀಳುತ್ತವೆ. ಬಿಸಿ ಆಸಿಡ್ ಅವುಗಳ ಒಳಗೆ 2ರಿಂದ 4 ಮೈಕ್ರೋಮೀಟರ್‌ನ ಸಣ್ಣ ಗುಂಡಿ ಕೊರೆಯುತ್ತದೆ. ಕೋಶದ ಅಳತೆಯೂ ಸುಮಾರು 20, 30 ಮೈಕ್ರೋಮೀಟರ್. ಹಾಗಾಗಿ ಅದು ದೊಡ್ಡ ಗುಂಡಿಯಲ್ಲಿ ಕೂತು, ಸಣ್ಣ ಗುಂಡಿಗಳ ಅಂಚು ಹಿಡಿದುಕೊಳ್ಳುತ್ತದೆ. ಚಪ್ಪಟೆಯಾಗಿ ಹರಡಲು ಜಾಗವಿಲ್ಲ. ಸಂಖ್ಯೆ ಹೆಚ್ಚುವುದು ನಿಧಾನವಾಗುತ್ತದೆ, ಆದರೆ ಮೂಳೆ ಕಟ್ಟುವ ಕೆಲಸದ ಗುರುತಾದ ಆಲ್ಕಲೈನ್ ಫಾಸ್ಫಟೇಸ್ ಕಿಣ್ವ, ಆಸ್ಟಿಯೋಕ್ಯಾಲ್ಸಿನ್ ಪ್ರೋಟೀನ್ ಎರಡೂ ಏರುತ್ತವೆ. ಅಂದರೆ ಕೋಶ ಕೆಲಸಕ್ಕೆ ಇಳಿದಿದೆ. ನನಗೆ ಬೇಕಾಗಿದ್ದು ಇದೇ.

ಈಗ ತಲೆನೋವಿನ ವಿಷಯ. ಪ್ಯಾಕೆಟ್ ಒಡೆದು ಒರಟು ಬಿಲ್ಲೆಯ ಮೇಲೆ ಕೋಶದ ದ್ರಾವಣ ಬಿಟ್ಟೆ. ಕೆಸುವಿನ ಎಲೆ ಮೇಲಿನ ನೀರಿನಂತೆ ಉಂಡೆಯಾಗಿ ನಿಂತಿತು! ತಟ್ಟೆ ಸ್ವಲ್ಪ ಅಲುಗಿದ್ದೇ ತಡ, ಉರುಳಿ ಕೆಳಗಿನ ಪ್ಲಾಸ್ಟಿಕ್‌ಗೆ ಇಳಿಯಿತು. ಕೋಶಗಳೂ ಅದರ ಜೊತೆಗೇ ಹೋದವು. ಪಕ್ಕದ ಪಾಲಿಶ್ ಬಿಲ್ಲೆಯಲ್ಲಿ ಈ ಕಾಟವೇ ಇಲ್ಲ.

ಹೊಸದಾಗಿ ತಯಾರಾದ ಟೈಟೇನಿಯಂಗೆ ನೀರು ಚೆನ್ನಾಗಿ ಅಂಟುತ್ತದೆ. ಗಾಳಿಗೆ ಬಿಟ್ಟರೆ ಅದರ ಆಕ್ಸೈಡ್ ಪದರದ ಮೇಲೆ ಹೈಡ್ರೋಕಾರ್ಬನ್ ಕೂರುತ್ತದೆ, ದಿನ ಕಳೆದಂತೆ ನೀರನ್ನು ದೂರ ತಳ್ಳತೊಡಗುತ್ತದೆ. ಮೇಲ್ಮೈ ಒರಟಾಗಿದ್ದರೆ ಈ ಗುಣ ಇನ್ನೂ ಜೋರು, ಗುಂಡಿಗಳೊಳಗೆ ಗಾಳಿಯೂ ಸಿಕ್ಕಿಕೊಳ್ಳುತ್ತದೆ. ಹೀಗಿರುವಾಗ ಎರಡು ಬಿಲ್ಲೆ ಪಕ್ಕಪಕ್ಕ ಇಟ್ಟು ಹೋಲಿಸಿದರೆ ಅಳೆಯುವುದು ಆಕಾರವನ್ನಲ್ಲ, ಕೊಳೆಯನ್ನು. ಮಾರಿದವರನ್ನು ಕೇಳಿದರೆ ‘ಅದು ಹಾಗೇ ಇರುತ್ತೆ’ ಎಂದು ಸುಮ್ನೆ ಸಾಗಹಾಕಿದರು. ಕೆಲವು ಹಲ್ಲಿನ ಇಂಪ್ಲಾಂಟ್‌ಗಳನ್ನು ಉಪ್ಪುನೀರಿನಲ್ಲಿ ಮುಳುಗಿಸಿಯೇ ಪ್ಯಾಕ್ ಮಾಡುವುದು ಇದೇ ಕಾರಣಕ್ಕೆ. ನಾವು ಮಾತ್ರ ಒಣ ಪ್ಯಾಕೆಟ್ ಇಟ್ಟುಕೊಂಡು ಒದ್ದಾಡಿದೆವು. ಕೊನೆಗೆ ಕೈ ಹಿಡಿದದ್ದು ಪ್ಲಾಸ್ಮಾ ಕ್ಲೀನರ್, ಅಂದರೆ ವಿದ್ಯುತ್ ಕಣಗಳಾಗಿ ಒಡೆದ ಅನಿಲದಿಂದ ಮೇಲ್ಮೈಯ ಕೊಳೆ ತೆಗೆಯುವ ಯಂತ್ರ. ಅದರಿಂದ ತೆಗೆದ ತಕ್ಷಣ ಕೋಶ ಹಾಕಬೇಕು, ತಡಮಾಡಿದರೆ ಮತ್ತೆ ಅದೇ ಕಥೆ.

ಎಣಿಕೆಯಲ್ಲೂ ಒಂದು ಕಿರಿಕಿರಿ ಇದೆ. ಅಂಟಿದ ಕೋಶ ಬಿಡಿಸುವ ಟ್ರಿಪ್ಸಿನ್ ಕಿಣ್ವ ಹಾಕಿದರೂ ಗುಂಡಿಯ ತಳದ ಕೋಶಗಳು ಏಳುವುದಿಲ್ಲ. ಎಣಿಸುವ ಬದಲು ಕೋಶ ಒಡೆದು ಡಿಎನ್‌ಎ ಅಳೆಯಿರಿ.

ಸರಾಸರಿ ಒರಟುತನದ ಸಂಖ್ಯೆ ಒಂದನ್ನೇ ನೋಡಿ ಬಿಲ್ಲೆ ಕೊಳ್ಳಬೇಡಿ. ಗೀರಿಗೂ ಗುಂಡಿಗೂ ಒಂದೇ ಸಂಖ್ಯೆ ಬರಬಹುದು.

ಕೋಶ ಯಾವ ಕಡೆ ಸರಿಯುತ್ತದೆ ಎಂದು ನೋಡುವವರು ಗೀರಿನದನ್ನೇ ತಗೊಳ್ಳಿ. ನಾನು ಚಿತ್ರಕ್ಕಿಂತ ಫಾಸ್ಫಟೇಸ್ ಅಳೆಯುವುದೇ ಜಾಸ್ತಿ. ಜೊತೆಗೆ ಲೇಸರ್ ಕೆಲಸ ದುಬಾರಿ, ಬಿಲ್ಲೆಗಳು ಸಿಗುವುದೂ ಬೆರಳೆಣಿಕೆಯಷ್ಟು. ಬ್ಲಾಸ್ಟಿಂಗ್, ಆಸಿಡ್ ಆದರೆ ಒಂದೇ ಸಲಕ್ಕೆ ರಾಶಿ ಬಿಲ್ಲೆ ತಯಾರಾಗುತ್ತವೆ. ಮುಂದಿನ ಆರ್ಡರ್‌ನಲ್ಲಿ ಒಂದೇ ಷರತ್ತು ಸೇರಿಸಿದ್ದೇವೆ: ಆಸಿಡ್‌ನಿಂದ ತೆಗೆದ ತಾರೀಖು ಪ್ಯಾಕೆಟ್ ಮೇಲೆ ಇರಬೇಕು.