ಡಿಶ್‌ವಾಶರ್ ಮುಚ್ಚಳದ ಕ್ಲಿಪ್: ಮೇಲಿನ ರ‍್ಯಾಕಿಗೆ ಸರಿ, ಕೆಳಗಿನದಕ್ಕೆ ಬೇಡ

ಬಳ್ಳಾರಿಯಲ್ಲಿ ನಮ್ಮದೊಂದು ಜೀನ್ಸ್ ಹೊಲಿಯುವ ಸಣ್ಣ ಯೂನಿಟ್ ಇದೆ. ದಿನವಿಡೀ ಗುಂಡಿ, ಜಿಪ್ಪು, ಜೇಬಿನ ಮೂಲೆಯ ಲೋಹದ ರಿವೆಟ್ ನೋಡಿ ನೋಡಿ, ಯಾವುದೇ ಸಣ್ಣ ಸಾಮಾನು ಕೈಗೆ ಬಂದರೂ ಮೊದಲು ಬಗ್ಗಿಸಿ ನೋಡುವ ಚಾಳಿ ನನಗೆ.

ನಮ್ಮ ಡಿಶ್‌ವಾಶರ್‌ಗೆ ಕಡಾಯಿ, ತಟ್ಟೆ ತೊಂದರೆ ಕೊಡುವುದಿಲ್ಲ. ಕಾಟವೆಲ್ಲ ಟಿಫಿನ್ ಡಬ್ಬಿಯ ಪ್ಲಾಸ್ಟಿಕ್ ಮುಚ್ಚಳಗಳದ್ದು. ಹಗುರ ಅಲ್ವಾ, ಕೆಳಗಿಂದ ನೀರು ಚಿಮ್ಮಿದ ಕೂಡಲೇ ಮಗುಚಿಕೊಳ್ಳುತ್ತವೆ. ಬೋರಲು ಇಟ್ಟದ್ದು ಅಂಗಾತವಾಗಿ, ಕೊಳೆ ನೀರು ತುಂಬಿಕೊಂಡು ಕೂತಿರುತ್ತದೆ. ಒಮ್ಮೆ ಶೇಂಗಾ ಚಟ್ನಿಯ ಮುಚ್ಚಳ ಪಾತ್ರೆ ಜೋಡಿಸುವ ರ‍್ಯಾಕಿನ ಕಂಬಿಗಳ ಸಂದಿಯಲ್ಲಿ ಜಾರಿ, ತಿರುಗುತ್ತಾ ನೀರು ಚಿಮ್ಮಿಸುವ ಸ್ಪ್ರೇ ಆರ್ಮ್‌ಗೆ ಅಡ್ಡ ಸಿಕ್ಕಿಕೊಂಡಿತು. ಎರಡು ಗಂಟೆ ಮಷೀನ್ ಓಡಿದರೂ ಅರ್ಧ ಪಾತ್ರೆ ಹಾಗೇ ಇದ್ದವು. ಅತ್ತೆ ಏನೂ ಅನ್ನಲಿಲ್ಲ. ಸುಮ್ನೆ ತೆಂಗಿನ ನಾರು ತಂದು ಸಿಂಕ್ ಮೇಲೆ ಇಟ್ಟರು.

ಆಮೇಲೆ ತರಿಸಿದ್ದು ಈ ಕ್ಲಿಪ್. ನಾಲ್ಕಕ್ಕೆ 299 ರೂಪಾಯಿ. ಕೆಳಗಿನ ಬಾಯಿ ರ‍್ಯಾಕಿನ ಕಂಬಿಯನ್ನು ಕಚ್ಚುತ್ತದೆ, ಮೇಲಿನದು ಬಟ್ಟೆ ಕ್ಲಿಪ್ಪಿನ ಹಾಗೆ ಮುಚ್ಚಳದ ಅಂಚು ಹಿಡಿಯುತ್ತದೆ. ನನಗೆ ಜಾಸ್ತಿ ಇಷ್ಟವಾದದ್ದು ಎರಡು ವಿಷಯ. ಮುಚ್ಚಳವನ್ನು ಓರೆಯಾಗಿ ಹಿಡಿಯುವುದರಿಂದ ನೀರು ನಿಲ್ಲದೆ ಇಳಿದುಹೋಗುತ್ತದೆ. ಕಂಬಿ ಕಚ್ಚುವ ಬಾಯಿಗೆ ಹಲ್ಲುಗಳಿಲ್ಲ, ಹಾಗಾಗಿ ಕಂಬಿಯ ಮೇಲಿನ ಪ್ಲಾಸ್ಟಿಕ್ ಲೇಪ ಕೆರೆಯುವುದಿಲ್ಲ. ಆ ಲೇಪ ಒಂದು ಕಡೆ ಎದ್ದರೆ ಸಾಕು, ಅಲ್ಲಿಂದಲೇ ತುಕ್ಕು ಶುರು.

ಈಗ ತಕರಾರು. ನಮ್ಮ ಮಷೀನಿನಲ್ಲಿ ಮೇಲಿನ ರ‍್ಯಾಕಿನ ಕಂಬಿ ತೆಳು, ಕೆಳಗಿನದು ದಪ್ಪ. ಕ್ಲಿಪ್ಪಿನ ಬಾಯಿ ಮಾತ್ರ ಒಂದೇ ಅಳತೆ. ರೊಟ್ಟಿ ಡಬ್ಬಿಯ ದೊಡ್ಡ ಮುಚ್ಚಳ ಮೇಲೆ ಹಿಡಿಸುವುದಿಲ್ಲ ಎಂದು ಕೆಳಗೆ ಒತ್ತಿ ಸಿಕ್ಕಿಸಿದೆ. ನಾಲ್ಕನೇ ದಿನ ಬಾಯಿಯ ಒಳಮೂಲೆ ಬೆಳ್ಳಗಾಯಿತು, ವಾರದಲ್ಲಿ ಪಟ್ ಅಂತ ಮುರಿಯಿತು. ಮುರಿದ ತುಂಡು ನೋಡಿದರೆ ಕಾರಣ ಎದ್ದು ಕಾಣುತ್ತದೆ. ಆ ಮೂಲೆ ಚೂಪಾಗಿದೆ. ಎಳೆತವೆಲ್ಲ ಅಲ್ಲೇ ಬಂದು ನಿಲ್ಲುತ್ತದೆ. ಜೀನ್ಸ್ ಜೇಬು ಹರಿಯುವುದೂ ಮೂಲೆಯಲ್ಲೇ. ಅದಕ್ಕೇ ಅಲ್ಲಿ ತಾಮ್ರದ ರಿವೆಟ್ ಹೊಡೆಯುವ ಉಪಾಯಕ್ಕೆ ಅಮೆರಿಕದ ದರ್ಜಿ ಜೇಕಬ್ ಡೇವಿಸ್ ಮತ್ತು ಬಟ್ಟೆ ವ್ಯಾಪಾರಿ ಲೀವೈ ಸ್ಟ್ರಾಸ್ 1873ರಲ್ಲೇ ಪೇಟೆಂಟ್ ಪಡೆದಿದ್ದರು. ಇಲ್ಲಿ ರಿವೆಟ್ ಕೂಡ ಬೇಕಿರಲಿಲ್ಲ, ಮೂಲೆಯನ್ನು ಸ್ವಲ್ಪ ದುಂಡಗೆ ಮಾಡಿದ್ದರೆ ಸಾಕಿತ್ತು.

ಕಂಪನಿಗೆ ಬರೆದರೆ, ಇದು ಮೇಲಿನ ರ‍್ಯಾಕಿಗೆ ಮಾತ್ರ ಎಂದು ಉತ್ತರ ಬಂತು. ಹಾಗಿದ್ದರೆ ಡಬ್ಬದ ಮೇಲಿನ ಚಿತ್ರದಲ್ಲಿ ಅದು ಕೆಳಗಿನ ರ‍್ಯಾಕಿನಲ್ಲಿ ಏನು ಮಾಡುತ್ತಿದೆ?

ಇನ್ನೊಂದು, ನಮ್ಮದು ಬೋರ್‌ವೆಲ್ ನೀರು, ಗಡಸು. ತಿಂಗಳಲ್ಲಿ ಕ್ಲಿಪ್ಪಿನ ಕೀಲಿನೊಳಗೆ ಬಿಳಿ ಪೊರೆ ಕಟ್ಟಿ ಬಿಗಿಯಾಗುತ್ತದೆ. ಅರ್ಧ ಗಂಟೆ ವಿನೆಗರ್‌ನಲ್ಲಿ ನೆನೆಸಿದರೆ ಬಿಡುತ್ತದೆ.

ಉಳಿದ ಮೂರು ಕ್ಲಿಪ್ ಮೇಲಿನ ರ‍್ಯಾಕಿನಲ್ಲಿ ಗಟ್ಟಿಯಾಗಿವೆ. ಐದಕ್ಕೆ ಮೂರು ಸ್ಟಾರ್ ಕೊಡುತ್ತೇನೆ. ರೊಟ್ಟಿ ಡಬ್ಬಿಯ ಮುಚ್ಚಳವನ್ನು ಈಗಲೂ ಅತ್ತೆಯೇ ನಾರಿನಲ್ಲಿ ತಿಕ್ಕುತ್ತಾರೆ.