‘ಬೇಡ’ ಅಂದಿದ್ದನ್ನು ಮಾತ್ರ ಮರೆತುಬಿಡುವ ಆ್ಯಪ್

ಕೆಲವು ತಿಂಗಳ ಹಿಂದೆ ನನಗೆ ರಾತ್ರಿ ನಿದ್ದೆಯೇ ಬರುತ್ತಿರಲಿಲ್ಲ. ಯಾರೋ ಹೇಳಿದರು ಅಂತ ನಿದ್ದೆಯ ಲೆಕ್ಕ ಇಡುವ ಒಂದು ಆ್ಯಪ್ ಹಾಕಿಕೊಂಡೆ. ಎಷ್ಟು ಹೊತ್ತಿಗೆ ಮಲಗಿದಿರಿ, ಎಷ್ಟು ಸಲ ಎಚ್ಚರವಾಯಿತು, ಮನಸ್ಸಿಗೆ ಏನಾದರೂ ಚಿಂತೆ ಇದೆಯಾ, ಮಾತ್ರೆ ತಗೊಂಡಿರಾ ಅಂತ ದಿನಾ ಬೆಳಿಗ್ಗೆ ಕೇಳುತ್ತಿತ್ತು. ನಾನೂ ಒಂದೂ ಬಿಡದೆ ಬರೆದೆ. ಡಾಕ್ಟರ ಮುಂದೆಯೂ ಅಷ್ಟು ಬಾಯಿ ಬಿಟ್ಟಿರಲಿಲ್ಲ.

ಹಾಗಂತ ಕಣ್ಣು ಮುಚ್ಚಿಕೊಂಡು ಹಾಕಿಕೊಂಡಿದ್ದಲ್ಲ. ಆ್ಯಪ್‌ನ ಸೆಟ್ಟಿಂಗ್ಸ್ ಒಳಗೆ, ಹುಡುಕಿದರೆ ಮಾತ್ರ ಸಿಗುವ ಜಾಗದಲ್ಲಿ, ‘ನನ್ನ ಮಾಹಿತಿಯನ್ನು ಜಾಹೀರಾತಿಗೆ ಬಳಸಬೇಡಿ’ ಅನ್ನುವ ಒಂದು ಸ್ವಿಚ್ ಇತ್ತು. ಮೊದಲ ದಿನವೇ ಒತ್ತಿದೆ. ‘ನಿಮ್ಮ ಆಯ್ಕೆಯನ್ನು ಗೌರವಿಸುತ್ತೇವೆ’ ಅಂತ ಬಂತು. ಸಮಾಧಾನವಾಯಿತು.

ಎರಡು ವಾರ ಕಳೆದ ಮೇಲೆ, ಇನ್ನೂ ಸ್ವಲ್ಪ ಭದ್ರವಾಗಿರಲಿ ಅಂತ ಆಂಡ್ರಾಯ್ಡ್ ಫೋನಿನ ಜಾಹೀರಾತು ಐಡಿಯನ್ನೇ, ಅಂದರೆ ಜಾಹೀರಾತಿನವರು ನಮ್ಮ ಗುರುತು ಹಿಡಿಯಲು ಬಳಸುವ ಸಂಖ್ಯೆಯನ್ನೇ ಅಳಿಸಿದೆ. ಎಡವಟ್ಟಾಗಿದ್ದು ಅಲ್ಲೇ.

ಆಮೇಲೆ ಶುರುವಾಯಿತು ನೋಡಿ. ಆಟದ ಆ್ಯಪ್ ತೆರೆದರೆ ನಿದ್ದೆ ಬರಿಸುವ ಗುಳಿಗೆ. ಸುದ್ದಿ ಓದಲು ಹೋದರೆ ಹಾಸಿಗೆ. ‘ರಾತ್ರಿಯಿಡೀ ಯೋಚನೆಯೇ? ನಮ್ಮ ಜೊತೆ ಮಾತಾಡಿ’ ಅಂತ ಇನ್ನೊಂದು. ಆ ನಿದ್ದೆ ಆ್ಯಪ್ ಇಲ್ಲವೇ ಇಲ್ಲದ ಟ್ಯಾಬ್‌ನಲ್ಲೂ ಅದೇ ಪಾಡು. ಜಾಹೀರಾತು ಬಂದಾಕ್ಷಣ ಆ್ಯಪ್ ನನ್ನನ್ನು ಮಾರಿಕೊಂಡಿತು ಅನ್ನುವುದು ತಪ್ಪಾಗುತ್ತದೆ, ನಾನೇ ಎಲ್ಲೋ ಏನೋ ಹುಡುಕಿರಬಹುದು. ಆದರೂ ಅನುಮಾನ ಬಂದು ಸೆಟ್ಟಿಂಗ್ಸ್ ನೋಡಿದೆ. ನಾನು ಒತ್ತಿದ್ದ ಸ್ವಿಚ್ ತಾನಾಗಿಯೇ ಮೊದಲಿನ ಸ್ಥಿತಿಗೆ ಬಂದು ಕೂತಿತ್ತು.

ಯಾವ ಆ್ಯಪ್ ಯಾರ ಜೊತೆ ಮಾತಾಡುತ್ತಿದೆ ಅಂತ ತೋರಿಸುವ ಸಲಕರಣೆಗಳಿವೆ. ಡಕ್‌ಡಕ್‌ಗೋ ಆ್ಯಪ್‌ನಲ್ಲಿ ಆಂಡ್ರಾಯ್ಡ್‌ಗೆ ಅಂಥದ್ದೊಂದು ಸೌಲಭ್ಯ ಇದೆ. ಐಫೋನ್‌ನಲ್ಲಾದರೆ ‘ಆ್ಯಪ್ ಪ್ರೈವಸಿ ರಿಪೋರ್ಟ್’ ಫೋನಿನಲ್ಲೇ ಇರುತ್ತದೆ. ನನ್ನದು ಆಂಡ್ರಾಯ್ಡ್ ಆದ್ದರಿಂದ ಒಂದು ರಾತ್ರಿ ಡಕ್‌ಡಕ್‌ಗೋದ ಸೌಲಭ್ಯವನ್ನು ಚಾಲೂ ಮಾಡಿಟ್ಟು ಮಲಗಿದೆ. ಬೆಳಿಗ್ಗೆ ಎದ್ದು ನೋಡಿದರೆ, ನನ್ನ ನಿದ್ದೆ ಕಾಯಬೇಕಾದ ಆ್ಯಪ್ ರಾತ್ರಿಯಿಡೀ ತಾನೇ ನಿದ್ದೆ ಮಾಡಿರಲಿಲ್ಲ. ಹೆಸರೇ ಕೇಳಿರದ ಏಳೆಂಟು ಕಂಪನಿಗಳ ಬಾಗಿಲು ಬಡಿದಿತ್ತು.

ಕಂಪನಿಗೆ ಬರೆದೆ. ಒಂಬತ್ತು ದಿನ ಬಿಟ್ಟು ಉತ್ತರ ಬಂತು. ‘ನೀವು ಜಾಹೀರಾತು ಐಡಿ ಅಳಿಸಿದ್ದರಿಂದ ನಿಮ್ಮ ಹಳೆಯ ಆಯ್ಕೆ ನಮ್ಮಲ್ಲಿ ಉಳಿದಿಲ್ಲ. ದಯವಿಟ್ಟು ಮತ್ತೊಮ್ಮೆ ಆಯ್ಕೆ ಮಾಡಿ.’

ಇದನ್ನು ಅರ್ಥ ಮಾಡಿಕೊಳ್ಳಲು ನನಗೆ ಸ್ವಲ್ಪ ಹೊತ್ತೇ ಬೇಕಾಯಿತು. ಜಾಹೀರಾತು ಐಡಿ ಅಂದರೆ ಪ್ರತಿ ಫೋನಿಗೂ ಇರುವ, 32 ಅಂಕಿ-ಅಕ್ಷರಗಳ ಒಂದು ಗುರುತು. ಬೇರೆ ಬೇರೆ ಆ್ಯಪ್‌ಗಳಲ್ಲಿ ನೀವು ಮಾಡಿದ್ದನ್ನೆಲ್ಲ ಒಂದೇ ದಾರದಲ್ಲಿ ಪೋಣಿಸಲು ಅದು ಬೇಕು. ಇವರು ಮಾಡಿದ್ದೇನು ಅಂದರೆ, ನಾನು ‘ಬೇಡ’ ಅಂದಿದ್ದನ್ನೂ ಅದೇ ಗುರುತಿನ ಮುಂದೆ ಬರೆದಿಟ್ಟಿದ್ದರು. ಗುರುತು ಹೋಯಿತು, ಜೊತೆಗೆ ನನ್ನ ‘ಬೇಡ’ವೂ ಹೋಯಿತು. ಐಡಿ ಅಳಿಸಿದ ಫೋನಿನಲ್ಲಿ ಆ್ಯಪ್‌ಗೆ ಸಿಗುವುದು ಬರೀ ಸೊನ್ನೆಗಳು. ಆ ಸೊನ್ನೆ ನೋಡಿದವರಿಗೆ ‘ಇವರಿಗೆ ಟ್ರ್ಯಾಕಿಂಗ್ ಬೇಡ’ ಅಂತ ಅರ್ಥವಾಗಬೇಕಿತ್ತು, ಅಲ್ವಾ? ಇವರಿಗೆ ಅರ್ಥವಾಗಿದ್ದು ‘ಇವರು ಹೊಸಬರು, ಇನ್ನೂ ಏನೂ ಹೇಳಿಲ್ಲ’ ಅಂತ. ಏನೂ ಹೇಳದವರು ಒಪ್ಪಿದ ಹಾಗೆ ಅನ್ನುವುದು ಇವರ ಲೆಕ್ಕ.

ಅದೇ ನನ್ನ ಐದು ವಾರದ ನಿದ್ದೆಯ ದಾಖಲೆ? ಒಂದು ರಾತ್ರಿಯದ್ದೂ ಕಳೆದುಹೋಗಿರಲಿಲ್ಲ. ಏಕೆಂದರೆ ಅದನ್ನು ನನ್ನ ಇಮೇಲ್ ಖಾತೆಗೆ ಕಟ್ಟಿದ್ದರು. ‘ಬೇಡ’ ಅನ್ನುವ ಒಂದು ಮಾತನ್ನೂ ಅದೇ ಖಾತೆಗೆ ಕಟ್ಟಲು ಏನು ಕಷ್ಟವಿತ್ತು? ಕೇಳಿದೆ. ಉತ್ತರ ಬರಲಿಲ್ಲ.

ಟ್ಯಾಬ್‌ಗೂ ಆ ಜಾಹೀರಾತು ಹೇಗೆ ಬಂತು ಅನ್ನುವುದಕ್ಕೆ ಉತ್ತರ ಬಹುಶಃ ಎರಡರಲ್ಲೂ ಇರುವ ಒಂದೇ ಇಮೇಲ್‌ನಲ್ಲಿದೆ. ಇಮೇಲ್ ವಿಳಾಸವನ್ನು ಒಂದು ಲೆಕ್ಕಕ್ಕೆ ಹಾಕಿ ಅಂಕಿ-ಅಕ್ಷರಗಳ ಉದ್ದ ಸಾಲಾಗಿ ಬದಲಿಸುತ್ತಾರೆ. ಇದಕ್ಕೆ ಹ್ಯಾಶ್ ಅನ್ನುತ್ತಾರೆ. ‘ನಿಮ್ಮ ಇಮೇಲ್ ಅನ್ನು ಯಾರಿಗೂ ಕೊಡುವುದಿಲ್ಲ’ ಅನ್ನುವ ಮಾತು ಅಷ್ಟರಮಟ್ಟಿಗೆ ನಿಜವೇ. ಆದರೆ ಒಂದೇ ಇಮೇಲ್‌ಗೆ, ಒಂದೇ ವಿಧಾನದಲ್ಲಿ, ಎಲ್ಲಿ ಲೆಕ್ಕ ಹಾಕಿದರೂ ಬರುವುದು ಅದೇ ಸಾಲು. ಎರಡು ಕಂಪನಿಗಳು ತಮ್ಮ ಸಾಲುಗಳನ್ನು ಪಕ್ಕಪಕ್ಕ ಇಟ್ಟು ನೋಡಿದರೆ ಸಾಕು, ಇಬ್ಬರ ಬಳಿ ಇರುವುದೂ ಒಬ್ಬರೇ ಅಂತ ಗೊತ್ತಾಗುತ್ತದೆ. ಇಮೇಲ್ ಕೊಡದಿದ್ದರೂ ಫೋನಿನ ಮಾದರಿ, ಪರದೆಯ ಅಳತೆ, ಭಾಷೆ, ಸಮಯ ವಲಯ, ಐಪಿ ವಿಳಾಸ ಎಲ್ಲ ಸೇರಿಸಿ ಗುರುತು ಹಿಡಿಯುವವರಿದ್ದಾರೆ. ಇದಕ್ಕೆ ಫಿಂಗರ್‌ಪ್ರಿಂಟಿಂಗ್ ಅಂತ ಹೆಸರು. ಇದನ್ನು ಆಫ್ ಮಾಡಲು ಯಾವ ಸ್ವಿಚ್ಚೂ ಇಲ್ಲ.

ನಾನು ತಿಳಿಯದೇ ಹೋದದ್ದು ಇದನ್ನೇ. ಸ್ವಿಚ್ ಅಂದರೆ ಬಾಗಿಲಿಗೆ ಚಿಲಕ ಹಾಕಿದ ಹಾಗೆ ಅಂದುಕೊಂಡಿದ್ದೆ. ಎಷ್ಟೋ ಕಡೆ ಅದು ಬಾಗಿಲಿಗೆ ಅಂಟಿಸಿದ ಚೀಟಿ ಅಷ್ಟೇ. ಆಂಡ್ರಾಯ್ಡ್‌ನಲ್ಲಿ ಮೊದಲು ‘ಬೇಡ’ ಅಂದರೂ ಐಡಿ ಆ್ಯಪ್‌ಗೆ ಸಿಗುತ್ತಿತ್ತು. ಜೊತೆಗೆ ‘ಇವರು ಬೇಡ ಅಂದಿದ್ದಾರೆ’ ಅನ್ನುವ ಒಂದು ಸೂಚನೆ ಹೋಗುತ್ತಿತ್ತು. ಪಾಲಿಸುವುದು ಬಿಡುವುದು ಅವರಿಗೆ ಬಿಟ್ಟದ್ದು. 2021ರ ಕೊನೆಗೆ ಆಂಡ್ರಾಯ್ಡ್ 12ರಿಂದ ಶುರುಮಾಡಿ, 2022ರಲ್ಲಿ ಗೂಗಲ್ ಪ್ಲೇ ಇರುವ ಉಳಿದ ಫೋನ್‌ಗಳಿಗೂ ಸೊನ್ನೆ ಕೊಡುವ ಏರ್ಪಾಟು ಬಂತು. ಐಫೋನ್‌ನಲ್ಲಿ 2021ರ ಏಪ್ರಿಲ್‌ನಲ್ಲಿ ಐಒಎಸ್ 14.5 ಬಂದಾಗಿನಿಂದ ಆ್ಯಪ್ ಮೊದಲೇ ಕೇಳಬೇಕು. ನೀವು ಬೇಡ ಅಂದರೆ ಐಡಿ ಸಿಗುವುದಿಲ್ಲ. ಹ್ಯಾಶ್ ಮಾಡಿದ ಇಮೇಲ್‌ನಿಂದಲೂ ಹಿಂಬಾಲಿಸಬಾರದು ಅನ್ನುವ ನಿಯಮವನ್ನೂ ಆಪಲ್ ಮಾಡಿದೆ. ಆದರೆ ಆ ಐಡಿಯನ್ನು ತಡೆಯುವುದು ಫೋನು, ಉಳಿದದ್ದನ್ನು ತಡೆಯಬೇಕಾದದ್ದು ಆ್ಯಪ್ ಮಾಡಿದವರ ನಿಯತ್ತು.

ನಿಯತ್ತು ತಪ್ಪಿದವರು ಇದ್ದಾರೆ. 2016ರಲ್ಲಿ ಇನ್‌ಮೊಬಿ ಅನ್ನುವ ಜಾಹೀರಾತು ಕಂಪನಿಯ ಮೇಲೆ ಗ್ರಾಹಕರ ಹಿತ ಕಾಯುವ ಅಮೆರಿಕದ ಸರ್ಕಾರಿ ಸಂಸ್ಥೆ ಫೆಡರಲ್ ಟ್ರೇಡ್ ಕಮಿಷನ್ ಆರೋಪ ಹೊರಿಸಿತ್ತು. ಲೊಕೇಶನ್ ಕೊಡುವುದಿಲ್ಲ ಅಂದ ಜನರನ್ನೂ ಸುತ್ತಮುತ್ತಲ ವೈ-ಫೈ ನೆಟ್‌ವರ್ಕ್‌ಗಳ ಮೂಲಕ ಪತ್ತೆಹಚ್ಚುತ್ತಿತ್ತು ಅಂತ. ಕಂಪನಿ 9,50,000 ಡಾಲರ್ ದಂಡಕ್ಕೆ ಒಪ್ಪಿ ಪ್ರಕರಣ ಮುಗಿಸಿಕೊಂಡಿತು.

ನನ್ನ ವಿಷಯಕ್ಕೆ ಬರುತ್ತೇನೆ. ಸಿಟ್ಟು ಬಂದು ಆ್ಯಪ್ ಅನ್ನು ಅನ್‌ಇನ್‌ಸ್ಟಾಲ್ ಮಾಡಿದೆ. ಇದು ಎರಡನೇ ತಪ್ಪು. ಫೋನಿನಿಂದ ಆ್ಯಪ್ ಹೋಯಿತು, ಅವರ ಸರ್ವರ್‌ನಲ್ಲಿದ್ದ ನನ್ನ ಖಾತೆ ಹೋಗಲಿಲ್ಲ. ಖಾತೆ ಅಳಿಸಿ ಅಂತ ಬರೆದರೆ, ‘ನೀವು ನೀವೇ ಅಂತ ಖಾತ್ರಿಯಾಗಲು ಗುರುತಿನ ಚೀಟಿಯ ಫೋಟೋ ಕಳಿಸಿ’ ಅಂದರು. ನನ್ನನ್ನು ಹಿಂಬಾಲಿಸಬೇಡಿ ಅನ್ನುವುದಕ್ಕೆ ಇನ್ನೊಂದಿಷ್ಟು ನನ್ನ ಗುರುತೇ ಬೇಕಂತೆ! ಕಳಿಸಲಿಲ್ಲ. ಆ್ಯಪ್ ಅನ್ನು ಮತ್ತೆ ಹಾಕಿ, ಒಳಗಿನಿಂದಲೇ ಖಾತೆ ಅಳಿಸುವ ಗುಂಡಿ ಹುಡುಕಿ ಒತ್ತಿದೆ. ಅಲ್ಲಿ ಯಾವ ಚೀಟಿಯನ್ನೂ ಕೇಳಲಿಲ್ಲ.

ಹಾಗಾಗಿ ಆ್ಯಪ್ ತೆಗೆಯುವ ಮೊದಲು ಖಾತೆ ಅಳಿಸಿ. ಜಾಹೀರಾತು ಐಡಿ ಅಳಿಸುವುದು ಒಳ್ಳೆಯದೇ, ಅದನ್ನು ಬಿಡಬೇಡಿ. ಫೋನಿನ ಸೆಟ್ಟಿಂಗ್ಸ್‌ನಲ್ಲಿ ಗೂಗಲ್, ಅದರೊಳಗೆ ಆ್ಯಡ್ಸ್ ಅಂತ ಇರುತ್ತದೆ, ಕೆಲವು ಫೋನ್‌ಗಳಲ್ಲಿ ಪ್ರೈವಸಿ ಕೆಳಗೆ ಸಿಗುತ್ತದೆ. ಆದರೆ ಅಳಿಸಿದ ಮೇಲೆ, ಹೊಸ ಫೋನ್ ತಗೊಂಡ ಮೇಲೆ, ಆ್ಯಪ್ ಮತ್ತೆ ಹಾಕಿದ ಮೇಲೆ ಪ್ರತಿ ಆ್ಯಪ್‌ನೊಳಗೂ ಹೋಗಿ ಸ್ವಿಚ್ ಎಲ್ಲಿದೆ ನೋಡಿ. ಸ್ವಿಚ್ ಒತ್ತಿದ ದಿನವೇ ಒಂದು ಸ್ಕ್ರೀನ್‌ಶಾಟ್ ತೆಗೆದಿಡಿ. ನನ್ನ ಬಳಿ ಅದಿರಲಿಲ್ಲ. ಅದಕ್ಕೇ ‘ನೀವು ಹಿಂದೆ ಆಯ್ಕೆ ಮಾಡಿದ ದಾಖಲೆ ನಮ್ಮಲ್ಲಿ ಸಿಗುತ್ತಿಲ್ಲ’ ಅಂತ ಅವರು ಕೊನೆಯ ಇಮೇಲ್‌ನಲ್ಲಿ ಬರೆದಾಗ ನಾನು ಸುಮ್ನೆ ಕೂರಬೇಕಾಯಿತು.

ಆರೋಗ್ಯದ ಆ್ಯಪ್‌ಗಳಿಗೆ ಈಗ ನಾನು ಬೇರೆಯದೇ ಇಮೇಲ್ ಕೊಡುತ್ತೇನೆ. ನಿದ್ದೆಯ ಲೆಕ್ಕವನ್ನು ತಲೆದಿಂಬಿನ ಪಕ್ಕ ಒಂದು ನೋಟ್‌ಬುಕ್ ಇಟ್ಟುಕೊಂಡು ಬರೆಯುತ್ತಿದ್ದೇನೆ. ಆ ಜಾಹೀರಾತುಗಳು ಕಡಿಮೆಯಾಗಿವೆ, ಪೂರ್ತಿ ನಿಂತಿಲ್ಲ. ಮೊನ್ನೆಯೂ ಒಂದು ಹಾಸಿಗೆ ಬಂದಿತ್ತು.